ಒಂದು ಕಮ್ಮಿ ಲೆಕ್ಕ

"ಕೈ ತಗಿ!"

ಅಂಗನವಾಡಿಯ ಹೊಸ್ತಿಲ ಮೇಲೆ ನಿಂತು ಗುರವ್ವ ಕೂಗಿದ ರಭಸಕ್ಕೆ, ಒಳಗೆ ಉಪ್ಪಿಟ್ಟು ತಿರುವುತ್ತಿದ್ದ ಸಹಾಯಕಿ ಬೀರವ್ವನ ಕೈಯಿಂದ ಸೌಟು ಜಾರಿ ಬಿತ್ತು. ಮಕ್ಕಳು ಸಾಲಾಗಿ ಕೂತಿದ್ದವು. ಅಕ್ಕೋರು ಶರ್ವರಿ ಒಂದೊಂದೇ ತಲೆ ಮುಟ್ಟುತ್ತ "ಒಂದು, ಎರಡು, ಮೂರು" ಎಂದು ಬರುತ್ತಿದ್ದವಳು ನಾಲ್ಕನೆಯ ತಲೆಯ ಮೇಲೆ ಕೈ ಇಟ್ಟುಕೊಂಡೇ ತಿರುಗಿ ನೋಡಿದಳು. ಆ ನಾಲ್ಕನೆಯ ತಲೆ ಗುರವ್ವನ ಮೊಮ್ಮಗಳು ಮೀನಾಳದು.

"ಯಾಕ್ರಿ ಆಯಿ, ಏನಾತು?"

"ಏನಾತು ಅಂತ ಕೇಳ್ತಾಳ ನೋಡ. ಹುಡುಗೂರನ್ನ ಕುರಿ ಎಣಿಸಿದಂಗ ಎಣಸಾಕ ಹತ್ತಿ. ಕುರಿನೂ ಕುರುಬ ಬ್ಯಾರೇ ಮಂದಿ ಕೈಯಾಗ ಎಣಸಾಕ ಕೊಡಂಗಿಲ್ಲ. ತಗಿ ಕೈ ನನ್ನ ಕೂಸಿನ ತಲಿ ಮ್ಯಾಲಿಂದ!"

ಓಣಿಯ ಮಕ್ಕಳೆಲ್ಲ ಗುರವ್ವನನ್ನು ಆಯಿ ಎನ್ನುತ್ತಿದ್ದವು. ಮೊಮ್ಮಕ್ಕಳು ಅಜ್ಜಿಯನ್ನು ಕರೆಯುವ ಹಾಗೆ. ದೊಡ್ಡವರೂ ಅದನ್ನೇ ಹಿಡಿದಿದ್ದರು. ಸಿಟ್ಟು ಬಂದಾಗ ಮಾತ್ರ ಗುರವ್ವನ ಬಾಯಲ್ಲಿ ಯಾರಿಗೂ 'ರಿ' ಹಚ್ಚುವ ರೂಢಿ ಇರಲಿಲ್ಲ.

"ಎಣಸೂದು ಕಲಸಲಿಕ್ಕೇ ನನ್ನ ಇಟ್ಟಾರ್ರಿ ಇಲ್ಲೆ," ಎಂದಳು ಶರ್ವರಿ. ಧ್ವನಿ ಏರಿಸಲಿಲ್ಲ, ಆದರೆ ಕೈಯನ್ನೂ ತೆಗೆಯಲಿಲ್ಲ.

"ಹಂಗಾರ ಗ್ವಾಡಿ ಎಣಸು, ಖಿಡಕಿ ಎಣಸು."

"ಗ್ವಾಡಿ ನಾಲ್ಕು ಅವ, ಖಿಡಕಿ ಎರಡು. ಅಲ್ಲಿಗೆ ಶಾಣೇತನ ಮುಗೀತದ. ಸವದತ್ತಿ ಟ್ರೇನಿಂಗಿನ್ಯಾಗ ಹೇಳ್ಯಾರ್ರಿ, ಬರೇ ಬಾಯಿಪಾಠ ಬ್ಯಾಡ ಅಂತ. ಮುಟ್ಟಿ ಎಣಸಬೇಕು, ಒಂದಕ್ಕೊಂದು ಹೊಂದಿಸಬೇಕು. ನಿಮ್ಮ ಮೀನಾನ್ನ ಕೇಳ್ರಿ ಬೇಕಾದ್ರ, ಐದರ ಮುಂದ ಹೋಗಂಗಿಲ್ಲ. ಅದೂ ಹೋಗಲಿ, ಯಾರ ಯಾರ ಕುಂತಾರ ಎಣಸು ಅಂದ್ರ ತನ್ನ ತಾ ಬಿಟ್ಟ ಎಣಸತಾಳ."

"ನಾ ಎಣಸಾಕಿ ಅಲ್ಲೇನ್ರಿ ಅಕ್ಕೋರ?" ಎಂದಿತು ಮೀನಾ. "ಎಣಸಾಕಿನ್ನ ಯಾರರ ಎಣಸ್ತಾರೇನ್ರಿ?"

ಗುರವ್ವನ ಮುಖ ಒಂದು ಗಳಿಗೆ ಅರಳಿತು. "ಕೇಳು! ನಾಕ ವರ್ಷದ ಕೂಸಿಗೆ ತಿಳೀತೈತಿ, ನಿನಗ ತಿಳಿಯವಲ್ದು." ಮರುಕ್ಷಣವೇ ಮೊದಲಿನ ಮುಖ ತಿರುಗಿ ಬಂತು. "ಎಳ್ಳಮಾಸಿ ಒಂದು ಆಗಲಿ. ಬೈಲಹೊಂಗಲದ ಸಾಲಿ ವ್ಯಾನ್ ದಿನಾ ಓಣಿ ಮುಂದ ಬಂದ ನಿಂದರತೈತಿ. ಅದರಾಗ ಹಾಕಿ ಕಳಸ್ತೇನಿ. ನಾ ಕಳಿಸಿದೆ ಅಂದ್ರ ಓಣಿ ಮಂದಿನೂ ಕಳಸ್ತಾರ. ಆಮ್ಯಾಲ ಬೀರವ್ವನ್ನ ಕುಂಡ್ರಿಸಿಕೊಂಡು ಎಣಸು, ಒಂದು, ಒಂದು, ಒಂದು ಅಂತ."

"ಕಳಸ್ರಿ. ಅಲ್ಲೆ ಹಾಜರಿ ಹಾಕೂಮುಂದ ಕಣ್ಣ ಮುಚ್ಚಿಕೊಂಡಿರತಾರೇನು?"

ಗುರವ್ವ ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಟುಹೋದಳು. ಉಪ್ಪಿಟ್ಟು ತಿನ್ನುವುದು ಉಳಿದಿತ್ತು ಎಂದು ಮೀನಾ ದಾರಿಯುದ್ದಕ್ಕೂ ಅತ್ತಿತು.

ಈ ಸಿಟ್ಟಿನ ಬೇರು ಎಲ್ಲಿದೆಯೆಂದು ಓಣಿಯ ಹಳಬರಿಗೆ ಗೊತ್ತಿತ್ತು. ನೀಲಕಂಠರಾಯರ ಮನೆಗೆ ಆರು ವರ್ಷದ ಹಿಂದೆ ಸೊಸೆಯಾಗಿ ಬಂದ ಶರ್ವರಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದ ಕೆಳಗೆ ಜನಗಣತಿಯವನೊಬ್ಬ ಗುರವ್ವನ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದು, "ಮಕ್ಕಳು ಎಷ್ಟು ಮಂದಿ?" ಎಂದಿದ್ದ. ಹರೆಯದ ಗುರವ್ವ ಹೆಮ್ಮೆಯಿಂದ "ಮೂರು" ಎಂದಿದ್ದಳು. ಅವನು ನಂಬಿಕೆ ಸಾಲದವನಂತೆ ಪೆನ್ನಿನ ತುದಿಯನ್ನು ಮಕ್ಕಳ ಕಡೆ ಚಾಚಿ ಒಂದು, ಎರಡು, ಮೂರು ಎಂದು ಎಣಿಸಿದ್ದ. ಪೆನ್ನು ಕೊನೆಗೆ ನಿಂತದ್ದು ತೊಟ್ಟಿಲಲ್ಲಿದ್ದ ನಿಜಗುಣಿಯ ಮೇಲೆ. ಎಂಟು ದಿನದೊಳಗೆ ವಾಂತಿಭೇದಿಯಾಗಿ ನಿಜಗುಣಿ ಹೋಯಿತು. ಅಂದಿನಿಂದ ಗುರವ್ವ ಯಾರು ಕೇಳಿದರೂ ಇದ್ದದ್ದಕ್ಕೆ ಒಂದು ಕಡಿಮೆ ಹೇಳುತ್ತಿದ್ದಳು. ಅದು ಸುಳ್ಳೆಂದು ಅವಳಿಗೆ ಅನ್ನಿಸುತ್ತಲೂ ಇರಲಿಲ್ಲ. ಹೊಸ್ತಿಲಿಗೆ ನೀರು ಹಾಕುವ ಹಾಗೆ, ದೀಪಕ್ಕೆ ಕೈ ಮುಗಿಯುವ ಹಾಗೆ, ಬಾಯಿ ತಾನಾಗಿ ಒಂದನ್ನು ಕಳೆದು ಹೇಳುತ್ತಿತ್ತು. ರೇಷನ್ ಕಾರ್ಡಿನವರು ಬಂದಾಗಲೂ ಹಾಗೇ ಹೇಳಿದ್ದರಿಂದ ಮಗ, ಸೊಸೆ, ಎರಡು ಮೊಮ್ಮಕ್ಕಳು, ತಾನು ಹೀಗೆ ಐದು ಮಂದಿಯ ಮನೆಗೆ ನಾಲ್ಕೇ ಮಂದಿಯ ಅಕ್ಕಿ ಬರುತ್ತಿತ್ತು. ಮೀನಾಳ ಹೆಸರು ಸೇರಿಸಲು ಮಗ ಸೋಮಪ್ಪ ಹೊರಟಾಗಲೆಲ್ಲ ಕಾರ್ಡು ಮನೆಯಲ್ಲಿ ಕಾಣೆಯಾಗುತ್ತಿತ್ತು.

"ಎವ್ವಾ, ದೃಷ್ಟಿಗೆ ತಿಂಗಳಾ ಐದು ಕಿಲೋ ಅಕ್ಕಿ ಬೇಕಾಗತಾವೇನ?" ಎಂದು ಸೋಮಪ್ಪ ರೇಗುತ್ತಿದ್ದ.

"ತಿನ್ನಲಿ ಬಿಡು. ಅಕ್ಕಿ ತಿಂದಷ್ಟು ಕೂಸು ಉಳೀತೈತಿ."

ಹಾಗೆಂದು ಗುರವ್ವ ಲೆಕ್ಕ ಬಾರದವಳಲ್ಲ. ಕಳೆ ತೆಗೆಯುವುದಕ್ಕೆ, ಹತ್ತಿ ಬಿಡಿಸುವುದಕ್ಕೆ ಇಪ್ಪತ್ತು ಮೂವತ್ತು ಹೆಂಗಸರನ್ನು ಟ್ರೇಲರಿನಲ್ಲಿ ತುಂಬಿಕೊಂಡು ಸಿರಸಂಗಿಯವರೆಗೆ ಹೋಗಿ ಬರುವ ಹೆಣ್ಣಾಳುಗಳ ಮುಂದಾಳು ಅವಳು. ಒಬ್ಬೊಬ್ಬಳು ಟ್ರೇಲರು ಹತ್ತಿದಂತೆ ಗುರವ್ವನ ಸೀರೆಯ ಉಡಿಗೆ ಒಂದೊಂದು ಹಳ್ಳು ಬೀಳುತ್ತಿತ್ತು. ಹಳ್ಳದ ದಂಡೆಯಿಂದ ಆರಿಸಿ ತಂದ ಬೆರಳ ತುದಿಯಷ್ಟು ನುಣ್ಣನೆಯ ಕಲ್ಲುಗಳು. ಸಂಜೆ ಊರಿಗೆ ಬಂದು ಇಳಿಯುವಾಗ ಒಬ್ಬೊಬ್ಬಳು ಒಂದೊಂದು ಹಳ್ಳು ಎತ್ತಿ ಚೀಲಕ್ಕೆ ಹಾಕಿ ಮನೆಗೆ ಹೋಗಬೇಕು. ಉಡಿ ಬರಿದಾದರೆ ಎಲ್ಲರೂ ಬಂದರು. ಒಂದು ಉಳಿದರೆ ಯಾವಳೋ ಹೊಲದಲ್ಲೇ ಉಳಿದಿದ್ದಾಳೆ. ಯಾರ ತಲೆಯ ಮೇಲೂ ಬೆರಳು ಹೋಗುವಂತಿಲ್ಲ, ಯಾರ ಸಂಖ್ಯೆಯನ್ನೂ ಬಾಯಲ್ಲಿ ಆಡುವಂತಿಲ್ಲ. ಹಳ್ಳುಗಳನ್ನು ಎಣಿಸಬಹುದು, ಕಲ್ಲಿಗೆ ದೃಷ್ಟಿ ತಾಗುವುದಿಲ್ಲ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಸೋಮಪ್ಪ ಇನ್ನೊಂದು ಕಿಡಿ ಹಚ್ಚಿದ. ಪ್ರತಿ ವರ್ಷ ಚರಗ ಚೆಲ್ಲುವುದಕ್ಕೆ, ಎಂದರೆ ಎಡೆಯ ಅನ್ನವನ್ನು ಬೆಳೆಗೆ ಚೆಲ್ಲುವುದಕ್ಕೆ, ಓಣಿಯ ಹುಡುಗರು ಗುರವ್ವನ ಹೊಲಕ್ಕೇ ಬರುವುದು. ಈ ಸಲ ಅಂಗನವಾಡಿಯ ಮಕ್ಕಳನ್ನೂ ಕರೆದುಕೊಂಡು ಬನ್ನಿ ಎಂದು ಅವನು ಅಕ್ಕೋರಿಗೆ ಮಾತು ಕೊಟ್ಟು ಬಂದಿದ್ದ.

"ಹೊಲ ಯಾರದೋ?" ಎಂದಳು ಗುರವ್ವ.

"ನಿಂದವ್ವ."

"ಟ್ರ್ಯಾಕ್ಟರ?"

"ನಂದು."

"ಹಂಗಾರ ಅಕ್ಕೋರನ್ನ ನಿನ್ನ ಟ್ರ್ಯಾಕ್ಟರಿನ್ಯಾಗ ಕುಂಡ್ರಿಸಿ ಅಲ್ಲೇ ಉಣ್ಣಾಕ ನೀಡು. ನನ್ನ ಹೊಲದಾಗ ಆಕಿ ಕಾಲ ಇಟ್ಟು ಕಡ್ಲಿ ಗಿಡಾ ಎಣಸೂದು ಬ್ಯಾಡ."

ಮಾತು ಕೊಟ್ಟಾಗಿತ್ತು, ಹಬ್ಬದ ದಿನ ಮನೆ ಮುಂದೆ ಬಂದ ಮಕ್ಕಳಿಗೆ ಬೇಡ ಎನ್ನುವ ಬಾಯಿ ಗುರವ್ವನಿಗೂ ಇರಲಿಲ್ಲ. ಮುಂಜಾನೆ ಟ್ರೇಲರಿನ ಹಿಂದೆ ನಿಂತು ತಾನೇ ಒಂದೊಂದು ಮಗುವಿನ ಕಂಕುಳಿಗೆ ಕೈ ಕೊಟ್ಟು ಎತ್ತಿ ಹತ್ತಿಸಿದಳು. ಅಂಗನವಾಡಿಯವು, ಓಣಿಯವು, ಹಬ್ಬಕ್ಕೆಂದು ಚಚಡಿಯಿಂದ ಬಂದ ನೆಂಟರವು. ಒಂದು ಕೂಸು ಹತ್ತಿತು, ಒಂದು ಹಳ್ಳು ಉಡಿಗೆ ಬಿತ್ತು. ಮೀನಾ ಎಲ್ಲರಿಗಿಂತ ಕೊನೆಗೆ ಹತ್ತಿತು. ಅಕ್ಕೋರು ಆ ಹೊತ್ತಿಗೆ ಇರಲಿಲ್ಲ. ಅನ್ನದ ಡಬ್ಬಿ ಕಟ್ಟಿಕೊಂಡು ತನ್ನ ಸ್ಕೂಟಿಯಲ್ಲಿ ತಾಸು ಬಿಟ್ಟು ಹೊಲಕ್ಕೆ ಬಂದಳು. ದಾರಿಯಲ್ಲಿ ಗುರವ್ವ ಉಡಿಯೊಳಗೆ ಕೈ ಹಾಕಿ ಹಳ್ಳು ಎಣಿಸಿಕೊಂಡಿದ್ದಳು. ಹದಿನಾಲ್ಕು.

ಹೊಲದಲ್ಲಿ ಹಬ್ಬ ಚಂದವಾಗಿಯೇ ನಡೆಯಿತು. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು ಪಾಂಡವರಾಗಿ ಕೂತರು. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗಿ, ಮೊಸರು ಬಾನ ಎಲ್ಲ ಎಡೆಯಾಯಿತು. ಸೋಮಪ್ಪ ಆಳೆತ್ತರದ ಜೋಳದ ಸಾಲಿನಲ್ಲಿ ಕೂಗು ಹಾಕುತ್ತ ಚರಗ ಚೆಲ್ಲಿಬಂದ. ಮೀನಾ ಪಾಂಡವರ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ಎಣಿಸುತ್ತಿತ್ತು: ಒಂದು, ಎರಡು, ಮೂರು, ನಾಕು, ಐದು. ಮತ್ತೆ ಮೊದಲಿನಿಂದ.

"ನೋಡ್ರಿ ಆಯಿ," ಎಂದಳು ಶರ್ವರಿ, "ಮುಟ್ಟಿ ಎಣಿಸಿದ್ಲು, ಒಂದೂ ತಪ್ಪಲಿಲ್ಲ."

"ಕಲ್ಲ ಎಣಸಾಕ ಹತ್ತ್ಯಾಳ. ಕಲ್ಲ ಸಾಯಂಗಿಲ್ಲ," ಎಂದು ಗುರವ್ವ ಮುಖ ತಿರುಗಿಸಿದಳು.

ಹೊತ್ತು ಇಳಿಯುವಾಗ ಬಯಲು ಗಾಳಿ ಚುರುಚುರು ಕೊರೆಯತೊಡಗಿತು. ಹುಡುಗರೆಲ್ಲ ಟ್ರೇಲರಿನಲ್ಲಿ ಎರಡು ಕೌದಿಯ ಕೆಳಗೆ ಸೇರಿ, ಒಂದರ ಕಾಲು ಇನ್ನೊಂದರ ಮೂಗಿಗೆ ಬಡಿಯುವ ಹಾಗೆ ಒದ್ದಾಡಿ ನಗುತ್ತಿದ್ದವು. ಗುರವ್ವ ಅತ್ತ ಬದುವಿನ ಮೇಲೆ ಬೀರವ್ವನ ಜೊತೆ ಕೂತು ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು.

"ಆಯಿ, ಮುಂಜಾನೆ ಎಷ್ಟು ಹುಡುಗ್ರು ಹತ್ತಿದ್ವು?" ಎಂದು ಶರ್ವರಿ ದೂರದಿಂದಲೇ ಕೇಳಿದಳು.

"ಹದಿಮೂರು," ಎಂದಳು ಗುರವ್ವ, ತಲೆ ಎತ್ತದೆ.

ಶರ್ವರಿ ಟ್ರೇಲರಿನ ಹತ್ತಿರ ಹೋದಳು. ಈ ಸಲ ಕೈ ಚಾಚಲಿಲ್ಲ. ಎರಡೂ ಕೈಯನ್ನು ಶಾಲಿನೊಳಗೆ ಇಟ್ಟುಕೊಂಡು ಕಣ್ಣಲ್ಲೇ ಎಣಿಸಿದಳು. ಆದರೆ ತುಟಿ ಅಲ್ಲಾಡಿದವು. ಓರೆಗಣ್ಣಿಂದ ನೋಡುತ್ತಿದ್ದ ಗುರವ್ವನಿಗೆ ಅಷ್ಟು ಸಾಕಾಯಿತು.

"ಹದಿಮೂರು. ಲೆಕ್ಕ ಕೂಡ್ತು. ನಡೀರಿ ಸೋಮಣ್ಣ."

"ಎವ್ವಾ, ಹತ್ತು ಬಾ," ಎಂದು ಸೋಮಪ್ಪ ಕರೆದ.

"ಆಕಿ ಎಣಿಸಿದ ಟ್ರೇಲರ ನಾ ಹತ್ತಂಗಿಲ್ಲ. ನಡಕೊಂಡ ಬರತೇನಿ." ಗುರವ್ವ ಬೆನ್ನು ತಿರುಗಿಸಿ ಕೂತು, ಮೊದಲೇ ಬೆಳಗಿಟ್ಟಿದ್ದ ತಪ್ಪಲೆಯನ್ನು ಮತ್ತೆ ತಿಕ್ಕಿದಳು. ಟ್ರೇಲರು ಹೊರಟಿತು, ಅದರ ಹಿಂದೆ ಸ್ಕೂಟಿ ಹೊರಟಿತು. ಒಮ್ಮೆಯಾದರೂ ತಿರುಗಿ ನೋಡಿದ್ದರೆ ಆಗುತ್ತಿತ್ತು. ಗುರವ್ವ ತಿರುಗಲಿಲ್ಲ.

ಬೀರವ್ವನ ಜೊತೆ ಬುಟ್ಟಿ ಹೊತ್ತು ಅವಳು ಓಣಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಸೊಸೆ ಬಾಗಿಲಲ್ಲೇ ನಿಂತಿದ್ದಳು.

"ಅತ್ತಿ, ಮೀನಾ ಎಲ್ಲಿ?"

"ಟ್ರೇಲರಿನ್ಯಾಗ ಬಂದಾಳಲ್ಲ."

"ನಿಮ್ಮ ಕೂಡ ನಡಕೊಂಡ ಬರಾಕ ಹತ್ತ್ಯಾಳ ಅಂತ ನಾ ಸುಮ್ನ ಇದ್ನೆರಿ!"

ಗುರವ್ವ ಬುಟ್ಟಿ ಇಳಿಸಿದಳೋ ಬಿಟ್ಟಳೋ, ಪಾತ್ರೆಗಳು ಓಣಿಯ ತುಂಬ ಉರುಳಿದವು. ಆ ಸಪ್ಪಳಕ್ಕೇ ಮಂದಿ ಸೇರಿದರು. ಅಕ್ಕೋರನ್ನು ಯಾರೋ ಕರೆತಂದರು. ಪಂಚಾಯ್ತಿ ಮೆಂಬರು ಲಕ್ಕಪ್ಪ ಮುಂದೆ ಬಂದು ನಿಂತ; ಎಲ್ಲಿ ನಾಲ್ಕು ಜನ ಸೇರಿದರೂ ಅವನು ಐದನೆಯವನಾಗಿ ಬಂದು ಮೊದಲನೆಯವನಾಗಿ ಮಾತಾಡುತ್ತಿದ್ದ.

"ಅಕ್ಕೋರ, ಟ್ರೇಲರಿನ ಹಿಂದ ಇದ್ದವ್ರು ನೀವು. ಕೂಸು ಎಲ್ಲೈತಿ?"

"ಹದಿಮೂರು ಹತ್ತಿದ್ವು ಅಂತ ಹೇಳಿದ್ರು, ಹದಿಮೂರು ಇದ್ವು, ಹದಿಮೂರು ಇಲ್ಲೇ ಇಳದ್ವು." ಶರ್ವರಿಯ ಮುಖ ಬಿಳಿಚಿತ್ತು, ಆದರೆ ಮಾತು ನಡುಗಲಿಲ್ಲ. "ಎರಡು ಸರ್ತೆ ಎಣಿಸೀನಿ."

"ಹಂಗಾರ ಓಣಿಯಾಗ ಇಳದ ಮ್ಯಾಲ ಕೂಸು ಹ್ವಾದಂಗಾತು. ಇಳಿಸಿದ ಮ್ಯಾಲ ಮನಿಗೆ ಮುಟ್ಟಸಬೇಕೋ ಬ್ಯಾಡೋ? ಎಣಸೂದೊಂದ ಕಲತೀರಿ, ಕಾಯೂದು ಕಲೀಲಿಲ್ಲ. ಈ ಅಕ್ಕೋರ ನಮಗ ಬ್ಯಾಡ ಅಂತ ನಾಳೆನ ಅರ್ಜಿ ಬರೀತೇನಿ. ಏ ಯಾರಲೇ, ಹಾಳಬಾವಿಗೆ ನಡೀರಿ! ಪಾತಾಳಗರಡಿ ತರ್ರಿ!"

ಪಾತಾಳಗರಡಿ ಎಂದರೆ ಬಾವಿಗೆ ಬಿದ್ದ ಕೊಡ ಎತ್ತುವ ಕೊಂಡಿಗಳ ಗೊಂಚಲು. ಆ ಮಾತು ಕಿವಿಗೆ ಬಿದ್ದದ್ದೇ ಸೊಸೆ ಕುಸಿದು ಕೂತಳು. ಸೋಮಪ್ಪ ಬಾವಿಯ ಕಡೆಗೆ ಓಡಿದ. ಅವನ ಹಿಂದೆ ಹತ್ತು ಹದಿನೈದು ಮಂದಿ ಬ್ಯಾಟರಿ ಹಿಡಿದು ಓಡಿದರು.

ಗುರವ್ವ ನಿಂತಲ್ಲೇ ನಿಂತಿದ್ದಳು. ಹದಿಮೂರು. ಆ ಮಾತು ತನ್ನದು. ಟ್ರೇಲರಿನಲ್ಲಿ ಹದಿಮೂರು ಇದ್ದವೆಂದರೆ ಕೂಸು ಟ್ರೇಲರನ್ನೇ ಹತ್ತಿಲ್ಲ. ಆ ಕತ್ತಲಾಗುವ ಜೋಳದಲ್ಲಿ ಒಂದೇ ಇದೆ. ಇವರು ಇಲ್ಲಿ ಬಾವಿಯ ನೀರು ಕದಡುತ್ತಿದ್ದಾರೆ. ಹೇಳಬೇಕು. ಹದಿನಾಲ್ಕು ಎನ್ನಬೇಕು. ಬಾಯಿ ತೆರೆದಳು. ತೆರೆದ ಬಾಯಿಯಲ್ಲಿ ಮೂವತ್ತು ವರ್ಷದ ಹಿಂದಿನ ಪೆನ್ನಿನ ತುದಿ ಬಂದು ನಿಂತಿತು. ಅಂದು ಪೂರಾ ಲೆಕ್ಕ ಹೇಳಿದ್ದಕ್ಕೆ ಒಂದು ಹೋಯಿತು. ಇಂದು ಕೂಸು ಎಲ್ಲಿದೆಯೋ ಗೊತ್ತಿಲ್ಲದ ಹೊತ್ತಿನಲ್ಲಿ ಪೂರಾ ಹೇಳಿದರೆ? ನಾಲಿಗೆ ಏಳಲಿಲ್ಲ.

ಕೈ ತಾನಾಗಿ ಉಡಿಗೆ ಹೋಯಿತು.

"ಹೊಲಕ್ಕ ಬಂದಿದ್ದ ಹುಡುಗೂರೆಲ್ಲ ಇಲ್ಲಿ ಬರ್ರಿ!" ಗುರವ್ವನ ಕೂಗಿಗೆ ಬಾವಿಯ ಕಡೆ ಹೊರಟವರೂ ನಿಂತರು. ಅವಳು ಕಟ್ಟೆಯ ಮೇಲೆ ಉಡಿ ಬಿಚ್ಚಿ ಹಳ್ಳುಗಳನ್ನು ಸುರುವಿದಳು. "ಒಬ್ಬೊಬ್ರು ಒಂದೊಂದು ತಗೋರಿ. ಒಂದು ಅಂದ್ರ ಒಂದ. ಎರಡು ತಗೊಂಡ್ರ ಕೈ ಮುರೀತೇನಿ."

"ಆಟಾ ಆಡೂ ಹೊತ್ತೇನ ಬೇ ಇದು?" ಎಂದ ಲಕ್ಕಪ್ಪ.

"ನೀ ಬಾಯಿ ಮುಚ್ಚು, ಮೆಂಬರ."

ಮಕ್ಕಳು ಹೆದರುತ್ತ ಬಂದವು. ತಾಯಂದಿರು ಮನೆಯೊಳಗಿದ್ದವನ್ನೂ ಎಳೆದುಕೊಂಡು ಬಂದರು. ಒಂದೊಂದು ಪುಟ್ಟ ಕೈ ಒಂದೊಂದು ಹಳ್ಳು ಎತ್ತಿತು. ಚಚಡಿಯ ನೆಂಟರ ಹುಡುಗಿ ಕಡೆಯದಾಗಿ ಎತ್ತಿಕೊಂಡು ಮುಷ್ಟಿ ಬಿಗಿ ಮಾಡಿ ಹಿಂದೆ ಸರಿಯಿತು. ಇನ್ನು ಬರುವವರು ಯಾರೂ ಇರಲಿಲ್ಲ.

ಕಟ್ಟೆಯ ಮೇಲೆ ಒಂದು ಹಳ್ಳು ಉಳಿದಿತ್ತು.

ಮೊದಲು ತಿಳಿದದ್ದು ಶರ್ವರಿಗೆ. ಅವಳು ಆ ಹಳ್ಳನ್ನು ನೋಡಿದಳು, ಗುರವ್ವನ ಮುಖ ನೋಡಿದಳು.

"ಹದಿಮೂರು ಅಂದಿದ್ರಿ," ಎಂದಳು. ಆ ಮೆಲುದನಿಯಲ್ಲಿದ್ದ ಸಿಟ್ಟು ಲಕ್ಕಪ್ಪನ ಕೂಗಿಗಿಂತ ಜೋರಾಗಿತ್ತು. "ಕೂಸು ಟ್ರೇಲರ್ ಹತ್ತೇ ಇಲ್ಲ. ಹೊಲದಾಗ ಅದ. ಸೋಮಣ್ಣಾ, ಬಾವಿ ಬಿಟ್ಟ ಬರ್ರಿ, ಟ್ರ್ಯಾಕ್ಟರ್ ಚಾಲೂ ಮಾಡ್ರಿ! ನೀವು ಹಿಂದ ಹತ್ರಿ ಆಯಿ."

ಗುರವ್ವ ಹುಟ್ಟಿದಾಗಿನಿಂದ ಸ್ಕೂಟಿಯ ಮೇಲೆ ಕೂತವಳಲ್ಲ. ಕೂತಳು. ಹಿಡಿದುಕೊಳ್ಳಲು ಬೇರೇನೂ ಸಿಗದೆ ಶರ್ವರಿಯ ಸೊಂಟವನ್ನೇ ಅವುಚಿದಳು. ಕೆಟ್ಟ ಕಾಲುದಾರಿ, ಎರಡು ಸಲ ಬೀಳುವುದು ತಪ್ಪಿತು.

"ಇನ್ನೊಂದು ಇತ್ತು ಅಂತ ಗೊತ್ತಿತ್ತಲ್ಲ ನಿಮಗ," ಎಂದಳು ಶರ್ವರಿ, ಗಾಳಿಗೆ ಕೂಗಿ.

"ಹೂಂ."

"ಗೊತ್ತಿದ್ದೂ ಸುಳ್ಳು ಹೇಳಿದ್ರಿ."

"ನಿಜಗುಣಿ ಅಂತ ಒಂದ ಇತ್ತು ನನಗ. ಪೂರಾ ಲೆಕ್ಕ ಹೇಳಿದೆ, ಎಂಟ ದಿನದಾಗ ಹೋತು."

"ಏನಾಗಿ ಹೋತು?"

"ವಾಂತಿಭೇದಿ."

"ವಾಂತಿಭೇದಿ ಎಣಿಕಿಂದ ಬರತದೇನ್ರಿ?"

"ನಿಂದೊಂದು ಹೋಗಿದ್ರ ಕೇಳತಿದ್ದಿಲ್ಲ ನೀ ಈ ಮಾತ."

ಶರ್ವರಿ ಸ್ಕೂಟಿಯ ವೇಗ ಹೆಚ್ಚಿಸಿದಳು. ಸ್ವಲ್ಪ ಹೊತ್ತಿಗೆ, ಯಾರಿಗೆ ಹೇಳುತ್ತಿದ್ದಾಳೋ ಎಂಬ ಹಾಗೆ, "ಲೆಕ್ಕ ಕೂಡಿತು ಅಂದ ಮ್ಯಾಲ ನಾ ಮಾರಿ ನೋಡಲಿಲ್ಲ. ಹೆಸರು ಹಿಡದು ಕರೀಲಿಲ್ಲ," ಎಂದಳು.

"ನಾನೂ ತಿರಿಗಿ ನೋಡಲಿಲ್ಲ," ಎಂದು ಗುರವ್ವ ಅಂದುಕೊಂಡಳು. ಬಾಯಿಬಿಟ್ಟು ಅನ್ನಲಿಲ್ಲ.

ಬನ್ನಿ ಗಿಡದ ಬುಡದಲ್ಲಿ ಪಾಂಡವರು ಇರಲಿಲ್ಲ. ಸುಣ್ಣದ ಗುರುತು, ಹಣ್ಣುಕಾಯಿ ಚೂರು ಅಷ್ಟೇ. ಸ್ಕೂಟಿಯ ಬೆಳಕನ್ನು ಶರ್ವರಿ ಅತ್ತಿತ್ತ ಹೊರಳಿಸಿದಳು. "ಮೀನಾ! ಏ ಮೀನಾ!" ಇಬ್ಬರೂ ಕೂಗಿದರು. ಮೂರು ಸಾಲು ಆಚೆ ಜೋಳದೊಳಗೆ ಏನೋ ಸರಕ್ಕೆಂದಿತು.

ಮೀನಾ ಅಲ್ಲಿ ಗಾಳಿ ತಾಕದ ತಗ್ಗಿನಲ್ಲಿ ಕೂತೇ ನಿದ್ದೆ ಹೋಗಿತ್ತು. ಫ್ರಾಕಿನ ಅಂಚನ್ನು ಅಜ್ಜಿಯ ಉಡಿಯ ಹಾಗೆ ಮಡಚಿ, ಅದರಲ್ಲಿ ಐದು ಪಾಂಡವರನ್ನೂ ತುಂಬಿಕೊಂಡಿತ್ತು. ಮುಖ ಮೈಯೆಲ್ಲ ಸುಣ್ಣವಾಗಿದ್ದ ಕೂಸು ಕಣ್ಣು ಬಿಟ್ಟದ್ದೇ, "ಆಯಿ, ನಾ ಎಣಿಸೇನಿ," ಎಂದಿತು.

"ದೇವ್ರನ್ನ ಕಿತಗೊಂಡ ಬಂದೀ ಏನ ಭಾಡಕೋ!" ಎಂದು ಗುರವ್ವ ಒಂದು ಏಟು ಕೊಟ್ಟು, ಕೊಟ್ಟ ಕೈಯಿಂದಲೇ ಎಳೆದು ಎದೆಗೆ ಒತ್ತಿಕೊಂಡಳು.

ಮೀನಾ ಅಳುತ್ತಳುತ್ತಲೇ ಕಲ್ಲು ಒಂದೊಂದಾಗಿ ಮುಟ್ಟಿ ತೋರಿಸಿತು. "ಇದು ಅಪ್ಪ. ಇದು ಅವ್ವ. ಇದು ಅಣ್ಣ. ಇದು ಆಯಿ."

"ಇದ್ಯಾರು?" ಎಂದಳು ಶರ್ವರಿ.

"ನಾ."

ಗುರವ್ವ ಥಟ್ಟನೆ ಮೊಮ್ಮಗಳ ಬಾಯಿಯ ಮೇಲೆ ಕೈ ಇಟ್ಟಳು. "ತೂ, ತೂ, ತೂ," ಎಂದು ಮೂರು ಸಲ ನೆಲಕ್ಕೆ ಉಗುಳಿದಳು.

ಓಣಿಗೆ ತಿರುಗಿ ಬಂದಾಗ ಮಂದಿ ಅಲ್ಲೇ ಇದ್ದರು. ಕೂಸು ಸಿಕ್ಕಿತೆಂಬ ಸಮಾಧಾನ ಮಂದಿಗೆ ಹತ್ತು ನಿಮಿಷ ಇತ್ತು. ಆಮೇಲೆ ಲಕ್ಕಪ್ಪ ಮತ್ತೆ ಅರ್ಜಿಯ ಮಾತು ಎತ್ತಿದ. ಕೂಸನ್ನು ಹೊಲದಲ್ಲಿ ಬಿಟ್ಟು ಬಂದ ಅಕ್ಕೋರು ಬೇಡವೇ ಬೇಡ. ಎಲ್ಲರೂ ಸಹಿ ಮಾಡಬೇಕು.

"ಗುರವ್ವಾಯಿ, ಮೊದಲ ಹೆಬ್ಬಟ್ಟ ನಿಂದ ಆಗಬೇಕ ನೋಡು," ಎಂದ.

ಗುರವ್ವ ಒಪ್ಪುತ್ತಾಳೆಂದೇ ಎಲ್ಲರೂ ತಿಳಿದರು. ಶರ್ವರಿಯೂ ಹಾಗೇ ತಿಳಿದಿದ್ದಳು. ತನ್ನ ಸ್ಕೂಟಿಗೆ ಒರಗಿ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ನಿಂತಿದ್ದಳು.

"ಅರ್ಜಿ ಬರೀ," ಎಂದಳು ಗುರವ್ವ. "ಗುರವ್ವ ಸುಳ್ಳ ಹೇಳಿದ್ಲು ಅಂತ ಬರೀ. ಎಷ್ಟು ಅಂತ ಆಕಿ ಕೇಳಿದ್ದ ಖರೇ, ನಾ ಹೇಳಿದ್ದ ಸುಳ್ಳ. ಅದಕ್ಕ ಹೆಬ್ಬಟ್ಟ ಒತ್ತತೇನಿ. ಬ್ಯಾರೇದಕ್ಕ ಒತ್ತಂಗಿಲ್ಲ. ನಿನ್ನ ಕೂಸ ಅಲ್ಲದು, ನಂದು. ನೀ ಯಾಕ ಹಾರ್‍ಯಾಡ್ತಿ?"

"ಅಕ್ಕಿ ಹೋಗಾಕ ಹತ್ತಿತ್ತು ಇಷ್ಟ ವರ್ಷ, ಇವತ್ತ ಮಗಳು ಹೋಗತಿದ್ಲು," ಎಂದ ಸೋಮಪ್ಪ. ತಾಯಿಯ ಮುಖ ನೋಡದೆ ಒಳಗೆ ಹೋದ.

ಶರ್ವರಿ ಮುಂದೆ ಬಂದಳು. ಗುರವ್ವ ತನ್ನ ಪರವಾಗಿ ಮಾತಾಡಿದ್ದಕ್ಕೆ ಕರಗಿದಂತೇನೂ ಕಾಣಲಿಲ್ಲ. "ಹಂಗಾರ ಈಗ ಎಲ್ಲಾರ ಮುಂದ ಹೇಳ್ರಿ. ಎಷ್ಟು ಹುಡುಗ್ರು ಹೋಗಿದ್ವು?"

ಗುರವ್ವ ತುಟಿ ಬಿಗಿದಳು. ಓಣಿಯೆಲ್ಲ ಕಾಯಿತು. ಸೊಸೆಯ ಹೆಗಲ ಮೇಲೆ ಮೀನಾ ಆಕಳಿಸಿತು.

"ಹೇಳಂಗಿಲ್ಲ."

"ಇಷ್ಟ ಆದ ಮ್ಯಾಲೂ?"

"ಇಷ್ಟ ಆದ ಮ್ಯಾಲಂತೂ ಹೇಳಂಗೇ ಇಲ್ಲ." ಕಟ್ಟೆಯ ಮೇಲೆ ಉಳಿದಿದ್ದ ಆ ಒಂದು ಹಳ್ಳನ್ನು ಎತ್ತಿ, ಚೀಲದ ಉಳಿದ ಹಳ್ಳುಗಳ ಜೊತೆ ಸೇರಿಸಿ, ಚೀಲವನ್ನೇ ಶರ್ವರಿಯ ಕಾಲ ಬಳಿ ಎಸೆದಳು. "ತಗೊ. ಹುಡುಗೂರ ತಲಿ ಬಿಟ್ಟು ಇವನ್ನ ಎಣಸು."

ಶರ್ವರಿ ಬಗ್ಗಿ ಚೀಲ ಎತ್ತಿಕೊಂಡಳು. "ಇದನ್ನ ಮೊದಲ ತಂದ ಕೊಟ್ಟಿದ್ರ ಏನಾಗತಿತ್ತು ನಿಮಗ? ಎರಡು ದಿನ ಸವದತ್ತಿಯೊಳಗ ಕುಂಡ್ರಿಸಿ ಇದನ್ನ ಹೇಳಿಕೊಟ್ರು ನಮಗ, ಬಳಪದ ಚಿತ್ರಾ ಬರದು." ಹಾಗೆಂದು ಸ್ಕೂಟಿ ತಿರುಗಿಸಿಕೊಂಡು ಹೋದಳು.

ಲಕ್ಕಪ್ಪ ಅರ್ಜಿ ಬರೆದೇ ಬರೆದ. ಶರ್ವರಿಗೆ ಮೇಲಿನಿಂದ ಕಾರಣ ಕೇಳುವ ಕಾಗದ ಬಂತು. ಅವಳು ಎರಡು ಪುಟ ಉತ್ತರ ಬರೆದಳು, ಅದರ ಕೆಳಗೆ ಗುರವ್ವನ ಹೆಬ್ಬೆಟ್ಟು ಬಿತ್ತು. ಮಾತಿಲ್ಲದೆ ಬಂದು ಒತ್ತಿ, ಬೆರಳಿನ ಮಸಿಯನ್ನು ಅಂಗನವಾಡಿಯ ಗೋಡೆಗೇ ಒರೆಸಿ ಹೋದಳು. ಲಕ್ಕಪ್ಪ ತನ್ನ ಮನೆಯ ಎರಡು ಮಕ್ಕಳನ್ನು ಬೈಲಹೊಂಗಲದ ವ್ಯಾನಿಗೆ ಹತ್ತಿಸಿದ. ಅವನನ್ನು ನೋಡಿ ಇನ್ನೆರಡು ಮನೆಯವರು ಹತ್ತಿಸಿದರು. ಮೀನಾ ಮಾತ್ರ ವ್ಯಾನು ಹತ್ತಲಿಲ್ಲ. ಯಾಕೆಂದು ಗುರವ್ವನನ್ನು ಕೇಳುವ ಧೈರ್ಯ ಯಾರೂ ಮಾಡಲಿಲ್ಲ.

ಈಗ ಆಳಿನ ಕೆಲಸ ಇಲ್ಲದ ದಿನ ಗುರವ್ವ ಅಂಗನವಾಡಿಯ ಎದುರಿನ ಕಟ್ಟೆಯ ಮೇಲೆ ಬಂದು ಕೂಡುತ್ತಾಳೆ. ಅಕ್ಕೋರ ಕೈ ಯಾರ ತಲೆಯ ಮೇಲಾದರೂ ಹೋದೀತೆಂದು ಕಾಯುತ್ತಾಳೆ. ಹೊಸ್ತಿಲಲ್ಲಿ ಬೀರವ್ವ ಹಿಡಿದ ತಾಟಿನಿಂದ ಒಂದೊಂದು ಮಗುವೂ ಒಂದೊಂದು ಹಳ್ಳು ಎತ್ತಿಕೊಂಡು ಒಳಗೆ ಹೋಗುತ್ತದೆ. ಒಳಗೆ ಚಾಪೆಯ ಮೇಲೆ ಹಳ್ಳುಗಳನ್ನು ಸಾಲಾಗಿ ಇಡುತ್ತವೆ. ಎಣಿಸುವ ಸರದಿ ಮೀನಾಳಿಗೆ ಬಂದ ದಿನ ಅದು ಐದರವರೆಗೆ ಹೋಗಿ ನಿಂತು, ಉಸಿರು ಎಳೆದುಕೊಂಡು, "ಮತ್ತ ಒಂದು, ಎರಡು, ಮೂರು, ನಾಕು" ಎನ್ನುತ್ತದೆ.

"ಐದು ಮತ್ತ ನಾಲ್ಕು, ಎಷ್ಟಾತು?" ಎಂದು ಶರ್ವರಿ ಬೇಕೆಂದೇ ಗಟ್ಟಿಯಾಗಿ ಕೇಳುತ್ತಾಳೆ, ರಸ್ತೆಗೆ ಕೇಳಿಸುವ ಹಾಗೆ.

"ಒಂಬತ್ತೂ!" ಎಂದು ಮಕ್ಕಳು ಕೂಗುತ್ತವೆ.

"ಎಂಟು!" ಎಂದು ಕಟ್ಟೆಯ ಮೇಲಿಂದ ಗುರವ್ವ ಅದಕ್ಕಿಂತ ಗಟ್ಟಿಯಾಗಿ ಕೂಗುತ್ತಾಳೆ.

"ಆಯಿ ಎಂಟು ಅಂದ್ರು," ಎನ್ನುತ್ತಾಳೆ ಶರ್ವರಿ, ಕಿಟಕಿಯ ಕಡೆ ನೋಡದೆ. "ನಮ್ಮ ಹಂತೇಕ ಒಂಬತ್ತು ಅವ. ಆಯಿದು ಎಷ್ಟು ಕಮ್ಮಿ ಆತು?"

ಮಕ್ಕಳು ಒಂದು ಹಳ್ಳನ್ನು ಸಾಲಿನಿಂದ ಸರಿಸಿ ನೋಡುತ್ತವೆ.

"ಒಂದು ಕಮ್ಮಿ!"

ಗುರವ್ವ ಎದ್ದು ನಿಂತು ಎಲೆಯಡಿಕೆ ಉಗುಳಿ, ಅಕ್ಕೋರ ಮನೆತನವನ್ನು ಹಿಂದಿನ ಮೂರು ತಲೆಯವರೆಗೆ ಬಯ್ದು, ಮತ್ತೆ ಅಲ್ಲೇ ಕೂಡುತ್ತಾಳೆ.